ಅವ್ವನ ಕಾಲಿಗೆ ಲಾರಿ ರೇಡಿಯೇಟರ್

ರೇಡಿಯೇಟರ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ಡು, ಅದರ ಹಿಂದೆಯೇ ಮನೆ. ಅದಿರು ಹೊತ್ತ ಲಾರಿಗಳು ಹಗಲಿಡೀ ಒಂದರ ಹಿಂದೊಂದು ಹೋಗುತ್ತಿದ್ದ ಕಾಲ ಅದು. ಅವುಗಳಲ್ಲಿ ಕುದಿಯುತ್ತ ಬಂದು ನಿಂತವು ನನ್ನ ಪಾಲಿಗೆ. ಸೋರುವ ರೇಡಿಯೇಟರ್‌ಗೆ ಬೆಸುಗೆ ಹಾಕುವುದು, ಕಟ್ಟಿಕೊಂಡಿದ್ದನ್ನು ತೊಳೆಯುವುದು, ಇಪ್ಪತ್ತು ವರ್ಷದಿಂದ ಇದೇ ಕೆಲಸ. ಕುದಿಯುವ ಲಾರಿಯನ್ನು ತಣ್ಣಗೆ ಮಾಡುವವನಿಗೆ ತಣ್ಣಗಾದ ತಾಯಿಯನ್ನು ಬೆಚ್ಚಗೆ ಮಾಡುವುದು ಏನು ಮಹಾ ಎಂದುಕೊಂಡೆ.

ಆ ಚಳಿಗಾಲದಲ್ಲಿ ಅವ್ವನಿಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, "ಒಳಗ ಧೂಳು ಕುಂತೈತಿ. ಕಿಟಕಿ ಮುಚ್ಚಿಡ್ರಿ, ಕೈಕಾಲು ಬೆಚ್ಚಗಿರಲಿ" ಎಂದರು. ಆ ಧೂಳೆಬ್ಬಿಸುವ ಲಾರಿಗಳನ್ನು ರಿಪೇರಿ ಮಾಡಿ ನಿಲ್ಲದಂತೆ ಓಡಿಸುತ್ತಿರುವವನು ಯಾರು ಎಂದು ಅವರು ಕೇಳಲಿಲ್ಲ. ನಾನು ಎದ್ದು ಕಿಟಕಿ ಮುಚ್ಚಿದೆ.

ಅವ್ವನ ದೂರು ಕೆಮ್ಮಿನ ಮೇಲಲ್ಲ, ಕಾಲಿನ ಮೇಲೆ. "ಕೆಮ್ಮು ಇರ್ಲಿ ಬಿಡಪ್ಪಾ. ಕಾಲು ಮುಟ್ಟಿ ನೋಡು, ಐಸ್ ಆಗ್ಯಾವ." ಎರಡು ರಗ್ಗು ಹೊದಿಸಿದೆವು, ಕಾಲುಚೀಲ ತೊಡಿಸಿದೆವು, ನನ್ನ ಹೆಂಡತಿ ಶಾರದಾ ದಿನಾ ಎಣ್ಣೆ ತಿಕ್ಕಿದಳು. ಕಾಲು ಕಾಯಲಿಲ್ಲ. ಅವು ಬೆಚ್ಚಗಾದರೆ ಅವ್ವ ಉಳಿಯುತ್ತಾಳೆ ಎಂದು ಅದ್ಯಾಕೋ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆಗ ನೆನಪಾದದ್ದು ಸಂಡೂರಿನ ಒಂದು ಬಂಗಲೆ. ಗಣಿ ಮಾಲೀಕರೊಬ್ಬರ ಕಾರು ನೋಡಲು ಹೋದಾಗ ಅಲ್ಲಿನ ಗೋಡೆಗೆ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿದ್ದು ಕಂಡಿದ್ದೆ. ಅದರೊಳಗೆ ಬಿಸಿನೀರು ಓಡಾಡುತ್ತದಂತೆ, ಕೋಣೆಯೆಲ್ಲ ಬೆಚ್ಚಗಾಗುತ್ತದಂತೆ. "ಇದಕ್ಕೂ ರೇಡಿಯೇಟರ್ ಅಂತಾರ" ಎಂದಿದ್ದ ವಾಚ್‌ಮನ್. ಎರಡು ನಿಮಿಷ ನೋಡಿದ್ದೆ. ಪರಿಣತನಿಗೆ ಅಷ್ಟು ಸಾಕು ಎಂಬುದು ನನ್ನ ಭಾವನೆ.

ಗುಜರಿಗೆ ಹೋಗಬೇಕಿದ್ದ ಟಿಪ್ಪರ್ ಒಂದರ ರೇಡಿಯೇಟರ್ ತಂದು ಅವ್ವನ ಮಂಚದ ತುದಿಗೆ, ಅವಳ ಪಾದಗಳ ಹತ್ತಿರ ನಿಲ್ಲಿಸಿದೆ. ಬಚ್ಚಲಮನೆಯಲ್ಲಿ ಎತ್ತರದ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆಯಿತ್ತು. ಅದಕ್ಕೆ ಡ್ರಿಲ್ ಹಿಡಿದಾಗ ಶಾರದಾ ಓಡಿ ಬಂದಳು.

"ರೀ, ಹಂಡೇಕ ತೂತು ಹೊಡಿತೀರೇನು? ನಮ್ಮವ್ವ ಕೊಟ್ಟ ಹಂಡೆ ಅದು."

"ತೂತು ಅಲ್ಲ, ಕನೆಕ್ಷನ್."

"ನೀರು ಸೋರಿದ್ರ ಅದಕ್ಕ ತೂತು ಅಂತಾರ" ಎಂದು ಅವಳು ಒಳಗೆ ಹೋದಳು.

ಹಂಡೆಯ ಮೇಲಿಂದ ಬಿಸಿನೀರು ಹೊರಟು, ರೇಡಿಯೇಟರ್ ಹೊಕ್ಕು, ತಣ್ಣಗಾಗಿ ಹಂಡೆಯ ತಳಕ್ಕೆ ಮರಳಬೇಕು. ತಳ್ಳುವುದಕ್ಕೆ ಒಂದು ಪಂಪು. ಸ್ವಿಚ್ ಹಾಕಿದರೆ ಬಿಸಿ, ತೆಗೆದರೆ ತಣ್ಣಗೆ. ಸಕಲ ವಿಧಿಗಳೊಂದಿಗೆ, ತೆಂಗಿನಕಾಯಿ ಒಡೆದು, ಉದ್ಘಾಟನೆ ನೆರವೇರಿತು.

ಒಂದು ತಾಸಿನಲ್ಲಿ ರೇಡಿಯೇಟರ್ ಮುಟ್ಟಲಾಗದಷ್ಟು ಕಾದಿತು. ನಾನು ಹೆಮ್ಮೆಯಿಂದ ಸ್ವಿಚ್ ತೆಗೆದೆ. ಅದು ತಣ್ಣಗಾಗಲಿಲ್ಲ. ಮಧ್ಯಾಹ್ನವಾಯಿತು, ಆಗಲಿಲ್ಲ. ಬಿಸಿನೀರು ತಾನಾಗಿಯೇ ಮೇಲಕ್ಕೇರುತ್ತದೆ, ತಣ್ಣೀರು ಇಳಿಯುತ್ತದೆ, ಒಲೆಯಲ್ಲಿ ಕೆಂಡ ಇರುವವರೆಗೆ ಈ ತಿರುಗಾಟ ನಿಲ್ಲುವುದಿಲ್ಲ, ಪಂಪೇ ಬೇಕಿರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಮರುದಿನ ನಡುವೆ ಒಂದು ವಾಲ್ವ್ ಕೂರಿಸಿದೆ. ಅದೂ ಗುಜರಿಯದೇ. ತಿರುಗಿಸಿದೆ, ತಿರುಗಿತು. ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇತ್ತು. ಒಳಗಿನ ಬಾಗಿಲು ತೆರೆದಂತೆಯೇ ತುಕ್ಕು ಹಿಡಿದಿತ್ತು, ತಿರುಗುತ್ತಿದ್ದದ್ದು ಬರೀ ಹಿಡಿ. ಕೊನೆಗೆ ಹಿಡಿ ನನ್ನ ಕೈಗೇ ಬಂತು.

ಮೂರನೆಯ ದಿನ ಇಪ್ಪತ್ತು ವರ್ಷದ ಅನುಭವ ಎಚ್ಚೆತ್ತಿತು. ರೇಡಿಯೇಟರ್ ಕಾದರೆ ಏನು ಮಾಡುತ್ತಾರೆ? ಎದುರಿಗೆ ಫ್ಯಾನ್ ಇಡುತ್ತಾರೆ! ದೊಡ್ಡ ಟೇಬಲ್ ಫ್ಯಾನ್ ತಂದು ಅದರ ಬೆನ್ನಿಗಿಟ್ಟು ಜೋರಾಗಿ ಹಾಕಿದೆ. ರೇಡಿಯೇಟರ್ ನಿಜವಾಗಿಯೂ ಕೊಂಚ ತಣ್ಣಗಾಯಿತು. ಅದರ ಬಿಸಿಯೆಲ್ಲ ಗಾಳಿಯ ಜೊತೆ ನೇರವಾಗಿ ಅವ್ವನ ಮುಖಕ್ಕೆ ಹೊಡೆಯಿತು. ಕಿಟಕಿ ತೆರೆದರೆ ಕೆಂಪು ಧೂಳು, ಮುಚ್ಚಿದರೆ ಕುಲುಮೆ.

"ಬಿಡಲೇ ತಮ್ಮಾ" ಎಂದಳು ಅವ್ವ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ. "ಭಾಳ ಕಷ್ಟಪಟ್ಟೀದಿ. ಮೈಯೆಲ್ಲ ಬೆವತೈತಿ. ಕಾಲು ಮಾತ್ರ ಹಂಗ ಅದಾವ."

ಮುಟ್ಟಿ ನೋಡಿದೆ. ಹಾಗೇ ಇದ್ದವು. ನನಗೆ ಅಳು ಬಂತು. ಬೆವರೆಂದು ಒರೆಸಿಕೊಂಡೆ.

ಕಡೆಗೆ ಶಾರದಾ ಹಂಡೆಗೆ ಉರಿ ಹಾಕುವುದನ್ನೇ ನಿಲ್ಲಿಸಿದಳು. ಅವ್ವನಿಗೆ ಮಾತ್ರ ಅಡುಗೆಮನೆಯಲ್ಲಿ ಒಂದು ಪಾತ್ರೆ ನೀರು ಕಾಯಿಸುತ್ತಿದ್ದಳು. ಇಡೀ ಹೊಸಪೇಟೆಯಲ್ಲಿ ಬಿಸಿನೀರಿನ ಪೈಪು ಹಾಕಿಸಿಕೊಂಡ ಬಡವ ನಾನೊಬ್ಬನೇ ಇರಬೇಕು. ದಿನಾ ತಣ್ಣೀರು ಸ್ನಾನ ಮಾಡಿ ನಡುಗುತ್ತಿದ್ದವನೂ ನಾನೇ. "ಅದನ್ನ ಬಿಚ್ಚಿ ಒಗೀರಿ" ಎಂದು ಅವಳು, "ಒಂದು ಹೊಸ ವಾಲ್ವ್ ಹಾಕಿದ್ರ ಮುಗೀತು" ಎಂದು ನಾನು. ಹೀಗೆಯೇ ಶಿವರಾತ್ರಿ ಬಂತು, ಹೋಯಿತು.

ಅದಾದ ನಾಲ್ಕನೆಯ ದಿನ ಬೆಳಿಗ್ಗೆ ಅವ್ವ ಅರ್ಧ ಚಹಾ ಕುಡಿದು ಲೋಟ ಕೆಳಗಿಟ್ಟಳು. ಮತ್ತೆ ಎತ್ತಲಿಲ್ಲ.

ಡಾಕ್ಟರು ಬಂದು ನೋಡಿ ತಲೆಯಾಡಿಸಿ ಹೋದರು. ಕಮಲಾಪುರದಿಂದ ಅಕ್ಕ ಬರಬೇಕು, ಅವಳು ಬಂದ ಮೇಲೇ ಮೈ ತೊಳೆಸುವುದು ಎಂದು ಅವ್ವನನ್ನು ಮಂಚದ ಮೇಲೆಯೇ ಬಿಟ್ಟೆವು. ಮೈ ತೊಳೆಸಲು ನೀರು ಬೇಕು, ಮಣ್ಣು ಮುಗಿಸಿ ಬಂದವರ ಸ್ನಾನಕ್ಕೂ ಬೇಕು. ನೆರೆಯ ಹೆಂಗಸರು ಹಂಡೆ ತುಂಬಿ ಧಗಧಗ ಉರಿ ಹಾಕಿದರು. ಪೈಪಿನ ನೆನಪು ಯಾರಿಗೂ ಇರಲಿಲ್ಲ. ನನಗೂ.

ಹತ್ತು ಗಂಟೆಗೆ ಅಕ್ಕ ಅಳುತ್ತ ಬಂದು ಅವ್ವನ ಪಾದ ಹಿಡಿದುಕೊಂಡಳು. ಅವಳ ಅಳು ಹಠಾತ್ತನೆ ನಿಂತಿತು.

"ಲೇ ತಮ್ಮಾ, ಅವ್ವನ ಕಾಲು ಬೆಚ್ಚಗದಾವಲೇ. ಜೀವ ಐತಿ."

ನಾನು ಮುಟ್ಟಿದೆ. ಬೆಚ್ಚಗಿದ್ದವು. ಎರಡು ತಿಂಗಳಲ್ಲಿ ಮೊದಲ ಸಲ ಬೆಚ್ಚಗಿದ್ದವು. ಶಾರದಾ ಬಾಯಿಗೆ ನೀರು ಬಿಟ್ಟಳು, ಅಕ್ಕ ಅಂಗಾಲು ತಿಕ್ಕಿದಳು, ನಾನು ಸ್ಕೂಟರಿನಲ್ಲಿ ಡಾಕ್ಟರನ್ನು ಮತ್ತೆ ಕರೆತರಲು ಓಡಿದೆ. ದಾರಿಯುದ್ದಕ್ಕೂ ಅವ್ವ ಬದುಕಿದ್ದಳು. ಆ ಯಂತ್ರವನ್ನು ಸ್ವಂತ ಕೈಯಿಂದ ಕಟ್ಟಿದ ನಾನೂ ಅವಳಿಗೆ ಜೀವವಿದೆ ಎಂದು ನಂಬಿದೆ.

ಡಾಕ್ಟರು ನಾಡಿ ನೋಡಿದರು, ಕಣ್ಣು ನೋಡಿದರು. ಆಮೇಲೆ ಹಣೆಯ ಬೆವರು ಒರೆಸಿಕೊಂಡು, ಬೆವರು ಯಾಕೆಂದು ಸುತ್ತ ನೋಡಿ, ಮಂಚದ ತುದಿಯ ರೇಡಿಯೇಟರ್ ಕಡೆ ಕೈ ಚಾಚಿ ತಟ್ಟನೆ ಹಿಂದೆಗೆದುಕೊಂಡರು. ನನ್ನನ್ನು ಹೊರಗೆ ಕರೆದು ಮೆಲ್ಲಗೆ ಕೇಳಿದರು:

"ಇದನ್ನ ಯಾರು ಕೂರಿಸಿದ್ದು?"

"ನಾನಾ ರೀ."

ಅವರು ನನ್ನ ಹೆಗಲು ತಟ್ಟಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಕರ್ಮಗಳೆಲ್ಲ ಮುಗಿದ ಮೇಲೆ ಅದನ್ನು ಬಿಚ್ಚಿ ಕಂಪ್ಲಿಯ ಕಡೆಯ ಒಂದು ಲಾರಿಗೆ ಕೂರಿಸಿದೆ. ಅಲ್ಲಿ ಅದು ಒಂದು ದೂರೂ ಇಲ್ಲದೆ ತಣ್ಣಗೆ ಕೆಲಸ ಮಾಡುತ್ತಿದೆ. ಹಂಡೆಯ ತೂತುಗಳಿಗೆ ಬೆಸುಗೆ ಹಾಕಿದ್ದೇನೆ, ಆದರೂ ಸೋರುತ್ತದೆ.

ಅಕ್ಕ ಮಾತ್ರ ಕಮಲಾಪುರದಲ್ಲಿ ಸಿಕ್ಕವರಿಗೆಲ್ಲ ಇಂದಿಗೂ ಹೇಳುತ್ತಾಳೆ: "ನಾ ಬರೂತನಕ ನಮ್ಮವ್ವ ಕಾಲು ಬೆಚ್ಚಗ ಇಟ್ಕೊಂಡು ಕಾದಿದ್ಳು." ನಿಜ ಹೇಳಿಬಿಡಿ ಎನ್ನುತ್ತಾಳೆ ಶಾರದಾ. ನಾನು ಹೇಳಿಲ್ಲ. ಇಪ್ಪತ್ತು ವರ್ಷದಲ್ಲಿ ನನ್ನ ಕೆಲಸವನ್ನು ಹೊಗಳಿದವಳು ಅಕ್ಕ ಒಬ್ಬಳೇ, ಅದೂ ಅದು ನನ್ನ ಕೆಲಸವೆಂದು ಗೊತ್ತಿಲ್ಲದೆ.