ನೇತ್ರಾ ಟೀಚರ್ ಹೂಡಿದ ಡೇರೆ

ಬೆಟಗೇರಿಯ ಆ ಓಣಿಯಲ್ಲಿ ಅಂದು ನಡೆದ ರಾದ್ಧಾಂತಕ್ಕೆಲ್ಲ ಮೂಲ ಒಂದು ನೀಲಿ ತಾಡಪತ್ರಿ. ಮಳೆ ಬಂದರೆ ಮೆಣಸಿನಕಾಯಿ ಚೀಲಗಳ ಮೇಲೆ ಹೊದಿಸಲೆಂದು ಇಟ್ಟಿದ್ದ ಅದನ್ನು ನೇತ್ರಾ ಬೆಳಿಗ್ಗೆ ಎದ್ದವಳೇ ಅಟ್ಟದಿಂದ ಇಳಿಸಿದಳು. ಎಲ್ಲಿಂದಲೋ ಎರಡು ಬಿದಿರ ಗಳ ತಂದಳು. ಮನೆಯೆದುರಿನ ಖಾಲಿ ಜಾಗದಲ್ಲಿ ಸೆರಗು ಬಿಗಿದು ಡೇರೆ ಹೊಡೆಯಲು ನಿಂತಳು.

ನೇತ್ರಾ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಬೇಸಿಗೆ ಸೂಟಿ ಬಂತೆಂದರೆ ಆ ಶಾಲೆಯ ಅಧ್ಯಕ್ಷರು ಟೀಚರುಗಳನ್ನೆಲ್ಲ ಅಡ್ಮಿಶನ್ ಹಿಡಿಯಲು ಮನೆಮನೆಗೆ ಅಟ್ಟುತ್ತಿದ್ದರು. ಹೋದ ವರ್ಷ ಮುಳಗುಂದದಲ್ಲಿ ನಾಯಿ ಬೆನ್ನತ್ತಿ ನೇತ್ರಾ ಒಂದು ಚಪ್ಪಲಿಯನ್ನೂ ಪೂರ್ತಿ ಮಾನವನ್ನೂ ಕಳೆದುಕೊಂಡು ಬಂದಿದ್ದಳು. ಅಂದೇ ಪಣ ತೊಟ್ಟಳು. ಇಟಲಿಯ ಗುಡ್ಡಗಳಲ್ಲಿ ಸೂಟಿಯ ಹೊತ್ತು ಮಕ್ಕಳಿಗೆ ಆಟ ಆಡಿಸುತ್ತ, ಹಾಡು ಹಾಡಿಸುತ್ತ ಇಂಗ್ಲಿಷ್ ಕಲಿಸುವ ಕ್ಯಾಂಪುಗಳಿವೆ ಎಂದು ತಿಳಿದು ಅರ್ಜಿ ಹಾಕಿದಳು. ಇವತ್ತು ಸಂಜೆ ನಾಲ್ಕಕ್ಕೆ ಫೋನಿನಲ್ಲೇ ಮುಖ ನೋಡಿ ಇಂಟರ್‌ವ್ಯೂ. "ಮಕ್ಕಳಿಗೆ ಡೇರೆ ಹೊಡೆಯುವುದನ್ನು ಸುಲಭ ಇಂಗ್ಲಿಷಿನಲ್ಲಿ ಹೇಗೆ ಹೇಳಿಕೊಡುತ್ತೀರಿ, ತೋರಿಸಬೇಕು" ಎಂದಿದ್ದರು. ಹುಟ್ಟಿದಾಗಿನಿಂದ ಸೊಳ್ಳೆಪರದೆ ಬಿಟ್ಟರೆ ಬೇರೇನನ್ನೂ ಕಟ್ಟದವಳು ಅವಳು.

"ಇಟಲಿ ಅಂದ್ರ ಎಲ್ಲಿ ಬರ್ತೈತಿ?" ಎಂದು ಅವಳ ತಾಯಿ ಅನ್ನಪೂರ್ಣ ಕಟ್ಟೆಯ ಮೇಲಿಂದ ಕೇಳಿದಳು. "ಲಕ್ಷ್ಮೇಶ್ವರದಾಗ ಒಂದು ವರ ಐತಿ ಅಂತ ಹೇಳ್ಯಾರ. ಅದಾದ್ರ ಸಮೀಪ ಐತಿ."

"ಯವ್ವಾ, ನಾ ಈ ಸಲ ಬಿಸಲಾಗ ಮಂದಿ ಮನಿ ಬಾಗಲಾ ಬಡಿಯಾಕ ಹೋಗಂಗಿಲ್ಲ ಅಂದ್ರ ಹೋಗಂಗಿಲ್ಲ. ಹೊಕ್ಕೀನಿ ಅಂದ್ರ ತಂಪನ ಗುಡ್ಡಕ್ಕ ಹೊಕ್ಕೀನಿ!"

ಬಹಳ ಹೊತ್ತು ಬಿದ್ದು ಎದ್ದು, ಕೊನೆಗೆ ಡೇರೆಯು ಕೆಸರಿನಿಂದ ಏಳಲೊಲ್ಲದ ಎಮ್ಮೆಯಂತೆ ಅರ್ಧ ಎದ್ದು ನಿಂತಿತು. ನೇತ್ರಾ ಅದರೊಳಗೆ ಚಾಪೆ ಹಾಸಿ, ಕಣ್ಣು ಮುಚ್ಚಿ, ಪಾಠವನ್ನು ಬಾಯಲ್ಲೇ ಗುನುಗತೊಡಗಿದಳು.

ಪಕ್ಕದ ಮನೆಯ ಮುದುಕಿ ಗದಿಗೆವ್ವ ಮುಸುರೆ ಚೆಲ್ಲಲು ಬಂದವಳು ಅಲ್ಲೇ ನಿಂತಳು. ನಮ್ಮ ಕಡೆ ಒಬ್ಬರು ರಸ್ತೆಯ ಬದಿಗೆ ತಾಡಪತ್ರಿ ಕಟ್ಟಿಕೊಂಡು ಕೂತರೆ ಅದಕ್ಕೆ ಒಂದೇ ಅರ್ಥ.

"ನೇತ್ರವ್ವಾ, ಧರಣಿ ಕುಂತಿಯೇನ? ನನಗ ಒಂದ ಮಾತ ಹೇಳಬಾರದೇನ!"

"ಧರಣಿ ಅಲ್ಲ ಆಯಿ, ಇದು ಕ್ಯಾಂಪಿಂದು..."

"ಎಂಥಾದರ ಆಗಲಿ ಬಿಡು. ಆ ಗಟಾರದ ವಾಸನಿಗೆ ನಾ ಉಂಡದ್ದು ದಕ್ಕವಲ್ದಾಗೇತಿ." ಗದಿಗೆವ್ವ ಒಳಗೆ ಹೋಗಿ ಎಲೆಯಡಿಕೆ ಚೀಲ ತಂದು ನೇತ್ರಾಳ ಮಗ್ಗುಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು.

ಸುದ್ದಿ ಮೂಲೆಮನೆ ಮುದಕಪ್ಪನಿಗೆ ಮುಟ್ಟಲು ಎಷ್ಟು ಹೊತ್ತು? ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ, ಎಲ್ಲಿ ಧರಣಿಯಿದ್ದರೂ ಮುದಕಪ್ಪ ಮೊದಲ ಸಾಲಿನಲ್ಲಿ. ಅವನನ್ನು ಕಂಡರೆ ಕಚೇರಿಯ ಜವಾನರು ತಾವೇ ಜಮಖಾನೆ ಹಾಸಿ ಕೊಡುತ್ತಿದ್ದರಂತೆ. ಅಂಥವನ ಓಣಿಯಲ್ಲೇ ಅವನನ್ನು ಬಿಟ್ಟು ಧರಣಿ! ಮದುವೆಯ ಕರೆ ತಪ್ಪಿದ ಬೀಗನಂತೆ ಮುಖ ಊದಿಸಿಕೊಂಡು, ಬಗಲಲ್ಲಿ ಮೈಕ್ ಇಟ್ಟುಕೊಂಡು ಬಂದ.

"ಛಲೋ ಕೆಲಸ ಮಾಡಿದಿ ತಂಗಿ. ಆದ್ರ ಡೇರೆದ ಮಾರಿ ತಪ್ಪೇತಿ. ಅದು ರಸ್ತಾದ ಕಡೆ ಇರಬೇಕು."

"ಕಾಕಾ, ಕೈ ಮುಗೀತೀನ್ರಿ. ಇದು ಧರಣಿ ಅಲ್ಲ. ನಂದು ನಾಕಕ್ಕ ಇಂಟರ್‌ವ್ಯೂ ಐತಿ."

"ಟೀವಿಯವರನ್ನೂ ಕರಿಸೀಯೇನು!" ಮುದಕಪ್ಪ ತಟ್ಟನೆ ಟೋಪಿ ಸರಿಮಾಡಿಕೊಂಡ. "ಬೇಡಿಕಿ ಏನೇನು?"

"ಏನೂ ಇಲ್ರಿ!"

"ಇರಲಿ. ಬೇಡಿಕಿ ಆಮ್ಯಾಲೆ ನೋಡೂಣು. ಮೊದಲ ಮಂದಿ ಕುಂಡ್ರಲಿ."

ಮಂದಿ ಕೂತರು. ಬಿಸಿಲು ಏರುವಷ್ಟರಲ್ಲಿ ಡೇರೆ ಸಾಲದೆ ಪಕ್ಕಕ್ಕೆ ಎರಡು ಸೀರೆ ಕಟ್ಟಬೇಕಾಯಿತು. ಯಾರೋ ಚುರುಮುರಿ ತಂದರು. ಮುದಕಪ್ಪ "ಬೇಕೇ ಬೇಕು" ಅಂದರೆ ಓಣಿಯೆಲ್ಲ "ನ್ಯಾಯ ಬೇಕು" ಅನ್ನುತ್ತಿತ್ತು. ನೇತ್ರಾ ಬಂದವರಿಗೆಲ್ಲ "ಇದು ಧರಣಿ ಅಲ್ಲ" ಎಂದು ಹೇಳಿದಷ್ಟೂ ಅವರು "ಹೆದರಬ್ಯಾಡ್ರಿ ಟೀಚರ್, ನಾವದೀವಿ" ಎಂದು ಇನ್ನೂ ಒತ್ತಿ ಕೂರುತ್ತಿದ್ದರು.

ಧರಣಿ ಯಾರ ವಿರುದ್ಧ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹೀಗಾಗಿ ಎಲ್ಲೆಲ್ಲಿ ಯಾರು ತಪ್ಪು ಮಾಡಿದ್ದರೋ ಅವರೆಲ್ಲ ತಾವಾಗಿಯೇ ಬರತೊಡಗಿದರು. ಮೊದಲು ಗಟಾರದ ಗುತ್ತಿಗೆದಾರ ಟ್ರ್ಯಾಕ್ಟರ್ ಸಮೇತ ಬಂದು, "ಫೋಟೋ ಹೊಡೀಬ್ಯಾಡ್ರಿ, ಈಗ ಬಳದ ಬಿಡ್ತೀವಿ" ಎಂದ. ಆಮೇಲೆ ಯಾರೋ ಒಬ್ಬ ಕಂಬ ಹತ್ತಿ, ವರ್ಷದಿಂದ ಕಣ್ಣು ಮಿಟುಕಿಸುತ್ತಿದ್ದ ಓಣಿಯ ದೀಪವನ್ನು ಸರಿಮಾಡಿ, ಕೇಳಿದರೂ ಹೆಸರು ಹೇಳದೆ ಇಳಿದು ಹೋದ. ಅದರ ಹಿಂದೆಯೇ ಕಾರು ಬಂತು. ಶಾಲೆಯ ಅಧ್ಯಕ್ಷರು!

"ನೇತ್ರಾ ಟೀಚರ್, ಮನಿಯೊಳಗಿನ ಮಾತು ರಸ್ತಾಕ್ಕ ತರೂದು ಶೋಭಾ ಅಲ್ರಿ," ಎಂದು ಅಧ್ಯಕ್ಷರು ಬೆವರು ಒರೆಸಿಕೊಂಡರು. "ಅಡ್ಮಿಶನ್ ಸಲುವಾಗಿ ಬಿಸಲಾಗ ತಿರಗೂದು ಬ್ಯಾಡ. ಮುಂಜಾನೆ ತಂಪ ಹೊತ್ತಿನ್ಯಾಗ ತಿರಗ್ರಿ. ಆತಿಲ್ಲ?"

ಬೆಳಗಿನಿಂದ ಇಲ್ಲ ಇಲ್ಲ ಎನ್ನುತ್ತ ಬಂದಿದ್ದ ನೇತ್ರಾಳೊಳಗೆ ಏನೋ ಚಟ್ಟನೆ ಹೊತ್ತಿಕೊಂಡಿತು. ಎದ್ದು ನಿಂತಳು. ತಲೆ ತಾಡಪತ್ರಿಗೆ ತಾಗಿತು.

"ಸೂಟಿ ಅಂದ್ರ ಸೂಟಿರಿ ಸರ್. ಮುಂಜಾನೆನೂ ಇಲ್ಲ, ಸಂಜಿಮುಂದನೂ ಇಲ್ಲ. ಒಬ್ಬ ಟೀಚರೂ ತಿರಗಂಗಿಲ್ಲ."

ಓಣಿ ಕುಣಿಯಿತು. ಅಧ್ಯಕ್ಷರು ಮಂದಿಯನ್ನು ನೋಡಿದರು, ಮೈಕನ್ನು ನೋಡಿದರು, ನುಂಗಿಕೊಂಡರು.

"ಆತು. ಎಲ್ಲಾ ಟೀಚರ್‌ಗೋಳಿಗೂ ಸೂಟಿ ಕೊಟ್ಟೆ. ನಿಮಗ ಮಾತ್ರ ಕಾಯಂ ಸೂಟಿ. ಜೂನದಾಗ ಬರೂದು ಬ್ಯಾಡ."

"ನಾನರ ಎಲ್ಲಿ ಬರ್ತಿದ್ನಿರಿ? ನಾ ಇಟಲ್ಯಾಗ ಇರ್ತೀನಿ!"

ಕಾರು ಧೂಳೆಬ್ಬಿಸಿ ಹೋಯಿತು. ಅನ್ನಪೂರ್ಣ ಕಟ್ಟೆಯ ಮೇಲೆ ತಲೆಗೆ ಕೈ ಹಚ್ಚಿ ಕೂತಳು. "ಹಿಟ್ಟ ನಾದೂಕಿಂತ ಮೊದಲ ಇದ್ದ ರೊಟ್ಟಿ ನಾಯಿಗೆ ಹಾಕಿದೆಲ್ಲ!"

ನಾಲ್ಕು ಹೊಡೆಯಿತು. ಒಳಗೆ ಹೋಗೋಣವೆಂದರೆ ಮುದಕಪ್ಪ ಅಡ್ಡ ನಿಂತ. ನಾಯಕಿ ಎದ್ದರೆ ಧರಣಿ ಮುರಿದಂತೆ. ನೇತ್ರಾ ನೀರಿನ ತಂಬಿಗೆಗೆ ಫೋನು ಆನಿಸಿಟ್ಟು ಡೇರೆಯಲ್ಲೇ ಕೂತಳು. ಅತ್ತ ಕ್ಲಾರಾ ಎಂಬ ಕ್ಯಾಂಪಿನ ಮೇಡಂ ಕಂಡಳು. ಅಲ್ಲಿ ಆಗ ಊಟದ ಹೊತ್ತು. ಮಕ್ಕಳು ಬರುವ ಮೊದಲೇ ತಯಾರಿಗೆಂದು ಬಂದ ಕೆಲಸದವರೆಲ್ಲ ದೊಡ್ಡ ಕೋಣೆಯಲ್ಲಿ ಉಣ್ಣುತ್ತ, ಗೋಡೆಯ ಪರದೆಯ ಮೇಲೆ ನೇತ್ರಾಳನ್ನೇ ನೋಡುತ್ತಿದ್ದರು. ಹಿಂದುಗಡೆ ಅಡಿಗೆಯವರು ಸೌಟು ಹಿಡಿದು ನಿಂತಿದ್ದರು.

"ನಿಮ್ಮ ಹಿಂದೆ ಅಷ್ಟೊಂದು ಜನ ಯಾರು?" ಎಂದು ಕ್ಲಾರಾ ಇಂಗ್ಲಿಷಿನಲ್ಲಿ ಕೇಳಿದಳು.

ನೆಂಟರು ಎನ್ನಬಹುದಿತ್ತು. ನೇತ್ರಾಳಿಗೆ ಇನ್ನು ಮುಚ್ಚಿಡುವ ಮನಸ್ಸಾಗಲಿಲ್ಲ. "ನಮ್ಮ ಓಣಿಯವರು. ತಮ್ಮ ಹಕ್ಕು ಕೇಳಲು ಕೂತಿದ್ದಾರೆ" ಎಂದಳು.

"ಹೌದೇ! ಹಾಗಾದರೆ ಅದನ್ನೇ ಪಾಠ ಮಾಡಿ. ಚಿಕ್ಕ ಮಕ್ಕಳಿಗೆ ಹೇಳಿದ ಹಾಗೆ."

ನೇತ್ರಾ ಪಾಠ ಮಾಡಿದಳು. ಅಂಥ ಪಾಠವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಇದು ಗಳ, ಹೀಗೆ ನೆಡಬೇಕು. ಇದು ಹಗ್ಗ, ಹೀಗೆ ಬಿಗಿಯಬೇಕು. ಇದು ಚಾಪೆ, ಕೂರಬೇಕು. ಹೊಡೆಯಬಾರದು, ಬೈಯಬಾರದು, ದೊಡ್ಡವರು ಬಂದು ಮಾತಾಡುವವರೆಗೆ ಏಳಲೂಬಾರದು. ಮುದಕಪ್ಪ ಪ್ರತಿಯೊಂದನ್ನೂ ಮಾಡಿ ತೋರಿಸಿದ. ಅತ್ತಲಿಂದ ಒಬ್ಬ ಅಡಿಗೆಯವನು, "ಮಳೆ ಬಂದರೆ?" ಎಂದ. "ಒತ್ತಿ ಕೂತುಕೊಳ್ಳಿ." "ದೊಡ್ಡವರು ಬರದಿದ್ದರೆ?" "ಇನ್ನೂ ಜೋರಾಗಿ ಕೂಗಿ!" ನೇತ್ರಾ ಕೈ ಎತ್ತಿ "ಬೇಕೇ ಬೇಕು" ಅಂದಳು. ಓಣಿಯ ದನಿ ಹಿಡಿದು ಇಟಲಿಯ ಗುಡ್ಡವೂ "ನ್ಯಾಯ ಬೇಕು" ಅಂದಿತು.

ಕ್ಲಾರಾ ಚಪ್ಪಾಳೆ ತಟ್ಟಿದಳು. "ನಮ್ಮ ಅಡಿಗೆಯವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅವರಿಗೂ ಎಲ್ಲ ತಿಳಿಯಿತು ಅಂದರೆ ನೀವೇ ನಮಗೆ ಬೇಕಾದವರು. ಆಯ್ಕೆಯಾಗಿದ್ದೀರಿ!"

ಗದಿಗೆವ್ವ ನೇತ್ರಾಳ ದೃಷ್ಟಿ ತೆಗೆದಳು. ಮುದಕಪ್ಪ ಮೈಕಿನಲ್ಲಿ ಇಟಲಿಗೆ ಜಯಕಾರ ಹಾಕಿದ. ಅನ್ನಪೂರ್ಣ ಕಣ್ಣೊರೆಸಿಕೊಂಡು ಶೀರಾ ಮಾಡಲು ರವೆ ಹುರಿದಳು.

ದೀಪ ಹಚ್ಚುವ ಹೊತ್ತಿಗೆ ಮತ್ತೆ ಫೋನು. ಕ್ಲಾರಾಳ ಮುಖ ಹಿಂಡಿ ಹರವಿದ ಬಟ್ಟೆಯಂತಾಗಿತ್ತು. ಫೋನನ್ನು ಕಿಟಕಿಯ ಕಡೆ ತಿರುಗಿಸಿದಳು. ಹೊರಗೆ ಹಸಿರು ಹುಲ್ಲಿನ ಮೇಲೆ, ಊಟದ ಮೇಜಿನ ಹೊದಿಕೆಗಳನ್ನು ಕೋಲಿಗೆ ಕಟ್ಟಿಕೊಂಡು ಅಡಿಗೆಯವರು, ಕಸ ಹೊಡೆಯುವವರು, ತೋಟದವರು ಸಾಲಾಗಿ ಕೂತಿದ್ದರು. "ಬೇಕೆ ಬೇಕೂ!" ಎಂದು ಗುಡ್ಡವೆಲ್ಲ ಮೊಳಗುತ್ತಿತ್ತು.

"ಬೇಸಿಗೆಯಿಡೀ ಒಂದು ದಿನವೂ ರಜೆಯಿಲ್ಲ ಎಂದು ಕೂತಿದ್ದಾರೆ," ಎಂದಳು ಕ್ಲಾರಾ. "ಒಲೆ ಹತ್ತಿಲ್ಲ. ಹೀಗೇ ಆದರೆ ಈ ವರ್ಷ ಕ್ಯಾಂಪೇ ಇಲ್ಲ, ನಿಮ್ಮ ಕೆಲಸವೂ ಇಲ್ಲ. ನಿಮ್ಮ ಮಾತೊಂದನ್ನೇ ಅವರು ಕೇಳುವುದು. ಸ್ಪೀಕರಿಗೆ ಹಚ್ಚುತ್ತೇನೆ. ಏಳಿ ಅಂತ ಹೇಳಿಬಿಡಿ. ನಾಳೆಯೇ ನಿಮ್ಮ ನೇಮಕದ ಪತ್ರ."

ಒಳಗಿನಿಂದ ಶೀರಾದ ಘಮಲು ಬರುತ್ತಿತ್ತು. ಇಲ್ಲಿಯ ನೌಕರಿ ಮಧ್ಯಾಹ್ನವೇ ಹೋಗಿತ್ತು. ಅಲ್ಲಿ ಹುಲ್ಲಿನ ಮೇಲೆ ಒಬ್ಬ ದಪ್ಪ ಅಡಿಗೆಯವಳು, ಥೇಟ್ ಗದಿಗೆವ್ವನ ಹಾಗೆ ಚಕ್ಕಳಮಕ್ಕಳ ಹಾಕಿ, ಏನು ಹೇಳುತ್ತಾಳೋ ಎಂದು ಬಾಯಿ ತೆರೆದು ಕಾಯುತ್ತಿದ್ದಳು.

ನೇತ್ರಾ ಫೋನನ್ನು ಬಾಯಿಯ ಹತ್ತಿರ ತಂದಳು. ಮಕ್ಕಳಿಗೂ ತಿಳಿಯುವಂಥ ಸುಲಭ ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು:

"ಕೂತಿರಿ. ಯಾರೂ ಏಳಬೇಡಿ."

ಅತ್ತ ಗುಡ್ಡ ಕೇಕೆ ಹಾಕಿತು. ಫೋನು ಕಟ್ಟಾಯಿತು.

"ಏನಾತ ಬೇ?" ಎಂದು ಅನ್ನಪೂರ್ಣ ಶೀರಾದ ತಾಟು ಹಿಡಿದುಕೊಂಡೇ ಕೇಳಿದಳು.

"ಅದೂ ಹೋತು ಯವ್ವಾ. ಅಲ್ಲೂ ಧರಣಿ ಕುಂತಾರ."

ಜಮಖಾನೆ ಸುತ್ತಿಡುತ್ತಿದ್ದ ಮುದಕಪ್ಪ ಧರಣಿ ಎಂದೊಡನೆ ನೆಟ್ಟಗಾಗಿ, ಮೈಕನ್ನು ಬಗಲಿಗೆ ಏರಿಸಿಕೊಂಡ.

"ಎಲ್ಲೆ? ಈಗ ಹೊಂಟ್ರ ಬಸ್ ಸಿಗತೈತೇನು?"