ಬಂಗಾಳ ಕೊಲ್ಲಿಯೂ ನನ್ನ ಹೆಂಡತಿಯ ರಜೆಯೂ

ಮಳೆ ಬೇಡವೆಂದು ದೇವರಿಗೆ ಕೈಮುಗಿಯುವವನನ್ನು ನಮ್ಮ ಕಡೆ ಯಾರೂ ಮನುಷ್ಯರ ಸಾಲಿಗೆ ಸೇರಿಸುವುದಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಂದರೆ ಮೋಡ ಕಂಡ ಕೂಡಲೇ ಅಂಗಳಕ್ಕೆ ಬಂದು ನಿಲ್ಲುವ ಸೀಮೆ. ಇಂಥ ಸೀಮೆಯಲ್ಲಿ ಹುಟ್ಟಿ, ಇಲ್ಲಿಯ ರೊಟ್ಟಿ ತಿಂದು ಬೆಳೆದ ನಾನು ಮೂರು ವರ್ಷಗಳಿಂದ ಗುಟ್ಟಾಗಿ ಆ ಪಾಪ ಮಾಡುತ್ತ ಬಂದಿದ್ದೇನೆ. ಮಂಡಿ ಹಿಡಿದುಕೊಂಡು ಅಂಜನಾದ್ರಿಯ ಮೆಟ್ಟಿಲು ಹತ್ತಿ, "ಹನುಮಪ್ಪಾ, ಬಂಗಾಳ ಕೊಲ್ಲಿ ಒಂದು ಹದಿನೈದು ದಿವಸ ತೆಪ್ಪಗೆ ಮಲಗಿರುವಂತೆ ನೋಡಿಕೋ" ಎಂದು ಬೇಡಿಕೊಂಡಿದ್ದೇನೆ. ಅವನು ಗಾಳಿಯ ಮಗ. ತಂದೆಗೆ ಒಂದು ಮಾತು ಹೇಳಿದರೆ ಆಗುವ ಕೆಲಸ. ವಶೀಲಿ ಎಲ್ಲಿ ಹಚ್ಚಬೇಕೆಂಬುದು ನನ್ನಂಥ ಸರ್ಕಾರಿ ನೌಕರನಿಗೆ ಯಾರೂ ಕಲಿಸಬೇಕಾಗಿಲ್ಲ. ಇಳಿಯುವಾಗ ಹನುಮನಹಳ್ಳಿಯಲ್ಲಿ ಚಹಾ ಕುಡಿಯುತ್ತ ಪಕ್ಕದವನು "ಮಳಿ ಆದ್ರ ಛಲೋ ಆಕ್ಕಿತ್ತು ನೋಡ್ರಿ" ಎಂದರೆ, "ಹೌದ್ರಿ, ಆಗಬೇಕು" ಎಂದು ಕಣ್ಣು ತಪ್ಪಿಸಿ ಬಂದಿದ್ದೇನೆ.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿ ಗಿರಿಜಾ. ಬೇವೂರಿನ ಒಕ್ಕಲುತನದ ಮನೆಯವಳು. ಮದುವೆಯಾಗಿ ಎರಡು ವರ್ಷಕ್ಕೆ ಅವಳಿಗೆ ಪೂರ್ವ ಕರಾವಳಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಚಂಡಮಾರುತ ಹುಟ್ಟುವ ಮೊದಲೇ ಅದರ ಸುಳಿವು ಹಿಡಿಯುವುದು ಹೇಗೆ, ಮುಂದಿನ ಮೂರು ತಿಂಗಳು ಮಳೆ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂದು ಈಗಲೇ ಹೇಳುವುದು ಹೇಗೆ, ಇದು ಅವರ ಸಂಶೋಧನೆ. "ಹೋಗು, ನನ್ನದೇನು ಚಿಂತೆ ಮಾಡಬೇಡ" ಎಂದವನು ನಾನೇ. ಆ ದಿನ ಬಹಳ ದೊಡ್ಡ ಮನುಷ್ಯನಂತೆ ಮಾತಾಡಿದ್ದೆ. ಬಂಗಾಳ ಕೊಲ್ಲಿಗೆ ಚಂಡಮಾರುತದ ಹಂಗಾಮು ಎಂಬುದೊಂದಿದೆ, ಅದು ದಸರೆಗೆ ಶುರುವಾಗಿ ಎಳ್ಳ ಅಮಾವಾಸ್ಯೆಯವರೆಗೂ ನಡೆಯುತ್ತದೆ, ನಮ್ಮ ಕಡೆಯ ಹಬ್ಬಗಳೆಲ್ಲ ಅದರೊಳಗೇ ಸಿಕ್ಕಿಕೊಂಡಿವೆ ಎಂಬುದು ಆಗ ಗೊತ್ತಿರಲಿಲ್ಲ. ಪತ್ರಿಕೆಯ ಮೂಲೆಯಲ್ಲಿ "ವಾಯುಭಾರ ಕುಸಿತ" ಎಂದು ಎರಡು ಪದ ಬಂದರೆ ಅವಳ ರಜೆ ರದ್ದು.

ನಾನು ಕೊಪ್ಪಳದ ಕೋರ್ಟಿನಲ್ಲಿ ಗುಮಾಸ್ತ. ಕಕ್ಷಿದಾರರಿಗೆ ಮುಂದಿನ ತಾರೀಖು ಹೇಳುವುದು ದಿನವಿಡೀ ನನ್ನ ಕೆಲಸ. ಮೊದಲು ಯಾರಾದರೂ "ಇನ್ನೆಷ್ಟು ತಾರೀಖ್ರಿ ಸಾಹೇಬ್ರ?" ಎಂದರೆ ಸಿಡುಕುತ್ತಿದ್ದೆ. ಈಗ ಎದ್ದು ನಿಂತು, ಕುಳ್ಳಿರಿಸಿ, ಒಂದು ಲೋಟ ನೀರು ಕೊಡುತ್ತೇನೆ. ದಸರೆಗೆ ಬರುತ್ತೇನೆಂದವಳು ಅದರ ಮುಂದಿನ ಶೀಗಿ ಹುಣ್ಣಿಮೆಗೆ, ಹುಣ್ಣಿಮೆಯಿಂದ ದೀಪಾವಳಿಗೆ, ದೀಪಾವಳಿಯಿಂದ ಸಂಕ್ರಾಂತಿಗೆ ಮುಂದೂಡಲ್ಪಟ್ಟಾಗ ಆ ಜನರ ಹೊಟ್ಟೆಯ ಸಂಕಟ ನನಗೆ ಅರ್ಥವಾಯಿತು. ಕೋರ್ಟಿನಿಂದ ಮನೆಗೆ ಬರುವಾಗ ಇಂದಿಗೂ ಕೈ ತಾನಾಗಿ ಇಬ್ಬರಿಗಾಗುವಷ್ಟು ಮಿರ್ಚಿ ಭಜಿ ಕಟ್ಟಿಸಿಕೊಳ್ಳುತ್ತದೆ. ಅವಳ ಪಾಲಿನ ಎರಡನ್ನು ತಟ್ಟೆಯಲ್ಲಿ ಬೇರೆ ಇಡುತ್ತೇನೆ, ಸ್ವಲ್ಪ ಹೊತ್ತು ನೋಡುತ್ತೇನೆ, ಆಮೇಲೆ ಅವನ್ನೂ ನಾನೇ ತಿನ್ನುತ್ತೇನೆ. ವಿರಹದಲ್ಲಿ ಮನುಷ್ಯ ಸೊರಗುತ್ತಾನೆಂದು ಕೇಳಿದ್ದೆ. ನನಗೆ ಬಂದದ್ದು ಎದೆಯುರಿ.

ಅವಳಿಂದ ಖಚಿತ ಉತ್ತರ ಪಡೆಯುವುದಂತೂ ಯಾವ ವಕೀಲನಿಗೂ ಸಾಧ್ಯವಿಲ್ಲ. ಈ ವರ್ಷ ಶೀಗಿ ಹುಣ್ಣಿಮೆ ಹತ್ತಿರ ಬಂದಾಗ ಫೋನಿನಲ್ಲಿ ಕೇಳಿದೆ:

"ಹುಣ್ಣಿವಿಗೆ ಬರ್ತಿ ಹೌದಲ್ಲ?"

"ಬರೂ ಸಾಧ್ಯತಾ ವಾಡಿಕಿಗಿಂತ ಹೆಚ್ಚೈತ್ರಿ."

"ಅಂದ್ರ ಬರ್ತಿ."

"ಹಂಗಲ್ರಿ. ಇಂಥಾ ಹುಣ್ಣಿವಿ ಹತ್ತು ಬಂದ್ರ ಆರಕ್ಕ ನಾ ಬಂದಿರ್ತೀನಿ. ಇದು ಆರರಾಗಿಂದೋ, ಉಳಿದ ನಾಕರಾಗಿಂದೋ ಅನ್ನೂದು ಈಗ ಹೇಳಾಕ ಬರಂಗಿಲ್ಲ."

ವರ್ಷಕ್ಕೆ ಬರುವುದು ಒಂದೇ ಶೀಗಿ ಹುಣ್ಣಿಮೆ. ಉಳಿದ ಒಂಬತ್ತನ್ನು ನಾನು ಎಲ್ಲಿಂದ ತರಲಿ? ಸಿಟ್ಟಿನಲ್ಲಿ, "ನಾನರ ನೆನಪಾಗ್ತೀನೋ ಇಲ್ಲೋ? ಅದು ಹತ್ತಕ್ಕ ಎಷ್ಟು?" ಎಂದೆ. "ಅದಕ್ಕ ಲೆಕ್ಕ ಬೇಕಾಗಂಗಿಲ್ರಿ" ಎಂದಳು. ಆಮೇಲೆ ನನಗೆ ಜಗಳ ಮುಂದುವರಿಸಲು ಆಗಲಿಲ್ಲ.

ಅದೇ ವಾರ ಕೊಲ್ಲಿಯಲ್ಲಿ ಒಂದು ಕುಸಿತ ಹುಟ್ಟಿತು. ಅವಳು ನನ್ನ ಕಾಟ ತಾಳಲಾರದೆ ಒಂದು ನಕ್ಷೆ ಕಳಿಸಿದಳು. ಅವರ ಕಂಪ್ಯೂಟರು ಒಂದೇ ಲೆಕ್ಕವನ್ನು ಚೂರುಚೂರು ಬದಲಿಸಿ ಹತ್ತಾರು ಸಲ ಮಾಡುತ್ತದಂತೆ; ಪ್ರತಿ ಸಲವೂ ಬಿರುಗಾಳಿ ಹೋಗುವ ದಾರಿಗೆ ಒಂದು ಗೆರೆ. ಎಲ್ಲ ಗೆರೆ ಕೂಡಿಸಿದರೆ ನಕ್ಷೆಯ ತುಂಬ ಕೋಲಿನ ಮೇಲೆ ಒಣಹಾಕಿದ ಶಾವಿಗೆಯೇ. ಕೆಲವು ಗೆರೆಗಳು ಆಂಧ್ರದ ದಂಡೆ ಹತ್ತಿ ಬಳ್ಳಾರಿ, ಕೊಪ್ಪಳದತ್ತ ಬರುತ್ತಿದ್ದವು. ಕೆಲವು ಒಡಿಶಾಕ್ಕೆ. ಒಂದೇ ಒಂದು ಬಡಪಾಯಿ ಗೆರೆ ಬಲಕ್ಕೆ ತಿರುಗಿ ಬರ್ಮಾದ ಕಡೆ ಹೋಗಿತ್ತು. ಬಿರುಗಾಳಿ ಅತ್ತ ಹೋದರೆ ಅವಳಿಗೆ ರಜೆ; ನಾನು ಅದನ್ನು ನನ್ನ ಗೆರೆಯೆಂದು ಹಿಡಿದೆ. ಮರುದಿನದ ನಕ್ಷೆಯಲ್ಲಿ ಆ ಕಡೆಗೆ ನಾಲ್ಕು ಗೆರೆ, ಅದರ ಮರುದಿನ ಅರ್ಧಕ್ಕರ್ಧ. "ಗಿರಿಜಾ, ನನ್ನ ಗೆರಿ ಗೆಲ್ಲಾಕತ್ತೈತಿ!" ಎಂದು ಫೋನಿನಲ್ಲಿ ಕೂಗಿದೆ.

"ಆ ಗೆರಿ ಹೋದಲ್ಲೂ ಮನಿ ಅದಾವ್ರಿ, ಮಂದಿ ಅದಾರ" ಎಂದಳು. ಅವಳ ದನಿಯಲ್ಲಿ ನಿದ್ದೆಗೆಟ್ಟ ಆಯಾಸವಿತ್ತು. ನನಗೆ ಬಹಳ ನಾಚಿಕೆಯಾಯಿತು. ಆದರೂ ಮರುದಿನ ಬೆಳಗ್ಗೆ ಎದ್ದವನು ಮೊದಲು ನೋಡಿದ್ದು ನಕ್ಷೆಯನ್ನೇ.

ಬೇವೂರಿನಲ್ಲಿ ನಮ್ಮ ಮಾವ, ಗಿರಿಜಾಳ ಅಪ್ಪ, ಮಗಳ ಮುನ್ಸೂಚನೆಯನ್ನು ಅಷ್ಟಾಗಿ ನೆಚ್ಚಿಕೊಂಡವರಲ್ಲ. "ಆಕಿ ಹೇಳೂದು ಬಂದ್ರೂ ಬರಬಹುದು, ಬರದಿದ್ರೂ ಇರಬಹುದು ಅಂತ. ಅಷ್ಟು ನನಗೂ ಗೊತ್ತೈತಿ" ಎನ್ನುತ್ತಾರೆ. ಅವರು ನೆಚ್ಚಿಕೊಂಡದ್ದು ನನ್ನ ಮುಖವನ್ನು. ಇದು ನನಗೆ ತಿಳಿದದ್ದು ಹೋದ ವರ್ಷ. ವಾರಕ್ಕೊಮ್ಮೆ ಅವರು ನನಗೆ ವಿಡಿಯೊ ಕರೆ ಮಾಡುತ್ತಾರೆ. ಪಾಪ, ಒಬ್ಬನೇ ಇರುವ ಅಳಿಯನ ಯೋಗಕ್ಷೇಮ ವಿಚಾರಿಸುತ್ತಾರೆಂದು ನಾನು ಕರಗಿಹೋಗುತ್ತಿದ್ದೆ. ಒಂದು ದಿನ ಫೋನ್ ಇಡುವುದನ್ನು ಮರೆತು ಮನೆಯವರಿಗೆ ಹೇಳಿದ ಮಾತು ನನಗೆ ಕೇಳಿಸಿಬಿಟ್ಟಿತು: "ಅಳಿಯಂದ್ರ ಮಾರಿ ಸಣ್ಣದಾಗೈತಿ. ಮಳಿ ಬರ್ತೈತಿ. ಒಣಾಕ ಹಾಕಿದ ಸಜ್ಜಿ ಒಳಗ ತುಂಬ್ರಿ, ಬಿತ್ತೂ ಕೂರಿಗಿ ಹೊರಗ ತೆಗೀರಿ!" ನನ್ನ ಮುಖ ಅರಳಿದ್ದರೆ ಸಜ್ಜೆ ಇನ್ನೂ ನಾಲ್ಕು ದಿನ ಅಂಗಳದಲ್ಲಿ ಒಣಗುತ್ತದೆ. ಅಕ್ಕಪಕ್ಕದ ಹೊಲದವರೂ ಬಂದು "ಅಳಿಯಂದ್ರು ಹೆಂಗದಾರ?" ಎಂದು ಕೇಳಿ ಬಿತ್ತನೆಗೆ ಸಜ್ಜಾಗುತ್ತಾರಂತೆ. ನನಗೆ ಆಕಾಶ ತಿಳಿಯುತ್ತದೆ, ರೈತರ ಕಷ್ಟಕ್ಕೆ ಮರುಗುವ ಜೀವ ಎಂದು ಊರಲ್ಲಿ ಹೆಸರು. ಅದು ಹೆಂಡತಿಯ ರಜೆ ರದ್ದಾದ ಮುಖವೆಂಬ ನಿಜ ಹೇಳುವ ಧೈರ್ಯ ನನಗಿರಲಿಲ್ಲ.

ಬಿರುಗಾಳಿ ಕೊನೆಗೆ ಬಲಕ್ಕೇ ತಿರುಗಿತು, ದಂಡೆ ಮುಟ್ಟುವ ಮೊದಲೇ ಸಮುದ್ರದಲ್ಲಿ ಕರಗಿಹೋಯಿತು. ಹುಣ್ಣಿಮೆಯ ಹಿಂದಿನ ದಿನ ಬೆಳಗ್ಗೆ ಗಿರಿಜಾ ಕೊಪ್ಪಳದ ಸ್ಟೇಷನ್ನಿನಲ್ಲಿ ಇಳಿದಳು. ಬ್ಯಾಗು ಅವಳ ಕೈಯಿಂದ ಕಿತ್ತುಕೊಂಡೆ. ಏನು ಮಾತಾಡಬೇಕೆಂದು ತಿಳಿಯದೆ "ಗಾಡಿ ಲೇಟಾತು" ಎಂದೆ. ಅವಳು ನನ್ನನ್ನು ನೋಡಿ ನಕ್ಕಳು, ಆಮೇಲೆ ಆಕಾಶ ನೋಡಿದಳು, ನಗು ಸ್ವಲ್ಪ ಕಡಿಮೆಯಾಯಿತು. ಬೇವೂರಿಗೆ ಹೋದಾಗ ಮಾವ ಬಾಗಿಲಲ್ಲೇ ನಿಂತು ನನ್ನ ಮುಖವನ್ನು ಒಂದೇ ಸಲ ನೋಡಿದರು. "ಭಾಳ ಅರಳೈತಿ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಮಗಳು ಬಂದ ಸಂತೋಷವನ್ನು ಅವರು ಪೂರ್ತಿ ಪಡದಂತೆ ಮಾಡಿದ್ದು ನನ್ನ ಮುಖ.

ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ನೈವೇದ್ಯದ ಚರಗವನ್ನು ಹೊಲದ ತುಂಬ ಚೆಲ್ಲುವುದು ನಮ್ಮ ಕಡೆಯ ಪದ್ಧತಿ. ಮಾವನ ಮನೆಯಲ್ಲಿ ಅದನ್ನು ಮಗಳು ಅಳಿಯನೇ ಮಾಡಬೇಕು: ಅಳಿಯ ಚೆಲ್ಲುತ್ತ ಮುಂದೆ, ಮಗಳು ತಂಬಿಗೆಯಿಂದ ನೀರು ಚಿಮುಕಿಸುತ್ತ ಹಿಂದೆ. ಮೂರು ವರ್ಷ ನನ್ನ ಹಿಂದೆ ನೀರು ಹಿಡಿದು ಬಂದವರು ಮಾವ. ಈ ಸಲ ನನ್ನ ಹಿಂದೆ ಬಳೆಯ ಸದ್ದಿತ್ತು. ತೊಗರಿ ಮಂಡಿಯೆತ್ತರ ಬಂದು ಎಲೆ ಬಾಡಿಸಿಕೊಂಡು ನಿಂತಿತ್ತು. ಆಚೆ ಬಿಳಿಜೋಳಕ್ಕೆಂದು ಬಿಟ್ಟ ಎರೆಹೊಲದಲ್ಲಿ ಬಿರುಕು ಬಿಟ್ಟಿತ್ತು. ಇನ್ನೊಂದು ವಾರದಲ್ಲಿ ಹಸಿಯಾಗದಿದ್ದರೆ ಈ ವರ್ಷ ಬಿತ್ತನೆಯಿಲ್ಲ. ಹಿಂದೆ ತಂಬಿಗೆಯ ನೀರಿನ ಸದ್ದು ನಿಂತಿತು. ತಿರುಗಿ ನೋಡಿದರೆ ಗಿರಿಜಾ ಬಗ್ಗಿ ಬಿರುಕಿನಲ್ಲಿ ಬೆರಳು ಇಳಿಸಿ ನೋಡುತ್ತಿದ್ದಳು.

"ಆ ಗಾಳಿ ಈ ಕಡೆ ಬರ್ತೈತಿ ಅಂತ ನಾ ಭಾಳ ಆಸೆ ಇಟ್ಕೊಂಡಿದ್ದೆ ನೋಡ್ರಿ" ಎಂದಳು. "ದಂಡಿಗೆ ಬರೂದ್ರಾಗ ಸುಸ್ತಾಗಿ, ಬರೀ ಮಳಿ ಆಗಿ ಬರಲಿ ಅಂತ. ನಮ್ಮ ಕೆಲಸದಾಗ ಆಸೆ ಪಡಬಾರದು. ಆದ್ರೂ ಪಟ್ಟೆ."

ನಾನು ಏನು ಆಸೆ ಪಟ್ಟಿದ್ದೆನೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಚರಗವನ್ನು ಬಿರುಕಿನ ನೆಲಕ್ಕೆ ಚೆಲ್ಲಿ, ಮೂರು ವರ್ಷದಲ್ಲಿ ಮೊದಲ ಸಲ ಒಳಗೊಂದು ಹೊರಗೊಂದು ಇಲ್ಲದೆ ಬೇಡಿಕೊಂಡೆ: ಮಳೆ ಬರಲಿ.

ಅಲ್ಲೇ ಬೇವಿನ ನೆರಳಲ್ಲಿ ಕಡಬು, ಪುಂಡಿಪಲ್ಲೆ, ಸಜ್ಜೆ ರೊಟ್ಟಿ ಉಂಡು ಇನ್ನೂ ಕೈ ತೊಳೆದಿರಲಿಲ್ಲ, ಅವಳ ಫೋನ್ ಬಂತು. ಎದ್ದು ಸ್ವಲ್ಪ ದೂರ ಹೋಗಿ ಮಾತಾಡಿದಳು. ಬರುವಾಗ ಅವಳ ನಡಿಗೆಯಲ್ಲೇ ನನಗೆ ವಿಷಯ ತಿಳಿಯಿತು. ಕೊಲ್ಲಿಯಲ್ಲಿ ಮತ್ತೊಂದು ಕುಸಿತ ಎದ್ದಿದೆ, ಈ ಸಲ ಗೆರೆಗಳೆಲ್ಲ ಒಂದೇ ಕಡೆ, ನಮ್ಮತ್ತಲೇ, ತೋರಿಸುತ್ತಿವೆ, ಸಂಜೆಯ ಗಾಡಿಗೇ ಹೊರಡಬೇಕು. ಮೂರು ವರ್ಷ ಬೇಡಿಕೊಂಡದ್ದಕ್ಕೆ ಕಿವಿಗೊಡದ ದೇವರು, ಒಂದೇ ಒಂದು ಸಲ ಮನಸ್ಸಿಟ್ಟು ಬೇಡಿದ್ದನ್ನು ಊಟ ಮುಗಿಯುವುದರೊಳಗೆ ನಡೆಸಿಕೊಟ್ಟಿದ್ದ. ನನ್ನ ಮುಖ ಏನಾಯಿತೋ ನನಗೆ ಕಾಣುವಂತಿರಲಿಲ್ಲ. ಕಂಡವರು ಮಾವ. ಉಣ್ಣುತ್ತಿದ್ದ ರೊಟ್ಟಿ ಅಲ್ಲೇ ಬಿಟ್ಟು, "ಅಳಿಯಂದ್ರ ಮಾರಿ ನೋಡ್ರಿ! ಕೂರಿಗಿ ತೆಗೀರೋ!" ಎಂದು ಕೂಗುತ್ತ ಮನೆಯ ಕಡೆ ಓಡಿದರು. ಎಲ್ಲರೂ ನಕ್ಕರು, ಗಿರಿಜಾಳೂ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿದ್ದನ್ನು ನಾನೊಬ್ಬ ನೋಡಿದೆ.

ಸ್ಟೇಷನ್ನಿನಲ್ಲಿ ಗಾಡಿ ಹತ್ತುವಾಗ ಅವಳು ಹೇಳಿದ್ದು ಪ್ರೀತಿಯ ಮಾತೇನಲ್ಲ. "ಮ್ಯಾಲ ಕೆಳಗ ಒಂದ ಅಗಲ ಇರೂದೊಂದು ಡಬ್ಬಿ ಮಾಳಿಗಿ ಮ್ಯಾಲ ಇಡ್ರಿ. ಎಷ್ಟು ಮಳಿ ಬಿತ್ತು, ಸ್ಕೇಲು ಹಿಡದು ಹೇಳ್ರಿ. ನಮ್ಮ ಲೆಕ್ಕ ಸರಿ ಐತೋ ಇಲ್ಲೋ ನಾ ತಾಳೆ ಹಾಕಿ ನೋಡಬೇಕು." ನಾಲ್ಕನೆಯ ದಿನ ಮಳೆ ಬಂತು. ದಂಡೆಯ ಜನರನ್ನು ಮೊದಲೇ ಬೇರೆಡೆ ಸಾಗಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಬಿರುಗಾಳಿ ನೆಲ ಹತ್ತಿ ಸುಸ್ತಾಗಿ, ಅವಳು ಆಸೆಪಟ್ಟಂತೆ ಬರೀ ಮಳೆಯಾಗಿ ಬೇವೂರನ್ನೂ ಕೊಪ್ಪಳವನ್ನೂ ತೋಯಿಸಿತು.

ಮರುದಿನ ಬೆಳಗ್ಗೆ ಅವಳ ಫೋನ್ ಬಂತು. "ಎಷ್ಟು ಬಿದ್ದೈತ್ರಿ?"

ಅಳತೆ ಹೇಳಿದರೆ ಮಾತು ಮುಗಿಯುತ್ತಿತ್ತು. "ಇನ್ನೂ ಬೀಳಾಕತ್ತೈತಿ ಗಿರಿಜಾ, ನಿಲ್ಲವಲ್ದು. ಹಿಡ್ಕೋ, ಮ್ಯಾಲ ಹೋಗಿ ನೋಡಿ ಬರ್ತೀನಿ" ಎಂದೆ. ಎರಡು ನಿಮಿಷ ಬಿಟ್ಟು "ಇನ್ನೂ ತುಂಬಾಕತ್ತೈತಿ" ಎಂದೆ. ಹೀಗೆ ಮೂರು ಸಲವಾಯಿತು.

"ಕೊಪ್ಪಳದಾಗ ಮಳಿ ನಿಂತು ತಾಸಾಗೈತ್ರಿ" ಎಂದಳು ಅವಳು. "ಇಲ್ಲೆ ನನ್ನ ಮುಂದ ಕಂಪ್ಯೂಟರಿನ್ಯಾಗ ಕಾಣಾಕತ್ತೈತಿ."

ಹಾಗೆಂದವಳು ಫೋನ್ ಮಾತ್ರ ಇಡಲಿಲ್ಲ.

"ಹೋಗ್ರಿ, ಇನ್ನೊಮ್ಮೆ ನೋಡಿ ಬರ್ರಿ" ಎಂದಳು ಆಮೇಲೆ. "ನಾ ಹಿಡ್ಕೊಂಡಿರ್ತೀನಿ."

ಹೊರಗೆ ಬಿಸಿಲು ಬಿದ್ದಿತ್ತು. ನಾನು ಛತ್ರಿ ಬಿಚ್ಚಿಕೊಂಡೇ ಮಾಳಿಗೆ ಹತ್ತಿದೆ.