ಅತ್ತೆಯ ಮನೆಯಲ್ಲಿ ಚೀನೀ ಭಾಷೆ

ಕೆಲವರಿಗೆ ನಶ್ಯದ ಚಟವಿರುತ್ತದೆ, ಕೆಲವರಿಗೆ ಸುಳ್ಳು ಹೇಳುವ ಚಟ. ನನ್ನದು ಎರಡೂ ಅಲ್ಲ. ಯಾರು ಏನು ಕೇಳಿದರೂ ‘ಗೊತ್ತಿಲ್ಲ’ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ, ಅಷ್ಟೇ. ಒಮ್ಮೆ ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಹಳ್ಳಿಯವರೊಬ್ಬರು ರವಿವಾರ ಪೇಟೆಗೆ ದಾರಿ ಕೇಳಿದರು. ಆಗ ನಾನು ಊರಿಗೆ ಬಂದು ನಾಲ್ಕೇ ದಿನವಾಗಿತ್ತು. ಆದರೂ ಕೈ ಚಾಚಿ, ಎರಡು ಎಡ, ಒಂದು ಬಲ ಎಂದು ಖಚಿತವಾಗಿ ಹೇಳಿ ಕಳಿಸಿದೆ. ಅರ್ಧ ತಾಸಿನ ಮೇಲೆ ಅವರು ಬೆವರುತ್ತ ಅಲ್ಲಿಗೇ ಮರಳಿ ಬಂದು, ಪಾಪ, ಗುರುತು ಹಿಡಿಯದೆ ನನ್ನನ್ನೇ ಮತ್ತೆ ಕೇಳಿದರು. ಈ ಸಲ ಬೇರೆ ದಾರಿ ಹೇಳಿದೆ. ಅದೂ ಅಷ್ಟೇ ಖಚಿತವಾಗಿತ್ತು.

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನಿಗೆ ಈ ಗುಣದಿಂದ ಲಾಭವೇ ಹೆಚ್ಚು. ಮಕ್ಕಳು ಯಾವ ರಾಜನ ಬಗ್ಗೆ ಕೇಳಿದರೂ ಉತ್ತರ ತಯಾರಿರುತ್ತದೆ, ರಾಜ ಬಂದು ಅಲ್ಲಗಳೆಯುವುದಿಲ್ಲ. ಆದರೆ ಹೆಣ್ಣು ನೋಡಲು ಖಾನಾಪುರಕ್ಕೆ ಹೋದಾಗ ಈ ನಾಲಿಗೆ ಒಂದು ಅನರ್ಥಕ್ಕೆ ಅಡಿಗಲ್ಲು ಹಾಕಿತು. ಮುಂದೆ ನನ್ನ ಅತ್ತೆಯಾಗಲಿದ್ದ ಗಂಗವ್ವನವರು, “ಎಷ್ಟ ಭಾಷಾ ಬರ್ತಾವ್ರಿ ನಿಮಗ?” ಎಂದು ಕೇಳಿದ್ದರು. ಖಾನಾಪುರದಲ್ಲಿ ತರಕಾರಿ ಮಾರುವವಳೂ ಒಂದೇ ಉಸಿರಿನಲ್ಲಿ ಕನ್ನಡ, ಮರಾಠಿ ಎರಡನ್ನೂ ಆಡುತ್ತಾಳೆ. ಅಲ್ಲಿ ಎರಡು, ಮೂರು ಎಂದರೆ ಮರ್ಯಾದೆಯಲ್ಲವೆಂದು “ಐದಾರು” ಎಂದುಬಿಟ್ಟೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷು ಎಂದು ನಾಲ್ಕರ ಲೆಕ್ಕ ಸಿಗುತ್ತದೆ. ಉಳಿದ ಒಂದೆರಡು ಯಾವುವೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮದುವೆಯಾಗಿ ಎರಡು ವರ್ಷವಾಗಿತ್ತು. ಎಂಬತ್ತರ ದಶಕದ ಕೊನೆಯ ಒಂದು ಮೇ ತಿಂಗಳು. ರಜೆಗೆಂದು ನಾನೂ ನನ್ನ ಹೆಂಡತಿ ಸರೋಜಾಳೂ ಖಾನಾಪುರಕ್ಕೆ ಹೋಗಿದ್ದೆವು. ಮಾವನವರು ಮದುವೆಗೆ ಮೊದಲೇ ತೀರಿಕೊಂಡಿದ್ದರಿಂದ ಮನೆಯ ಆಡಳಿತವೂ, ಪಾರಿಶ್ವಾಡದಲ್ಲಿದ್ದ ಹೊಲದ ಆಡಳಿತವೂ ಅತ್ತೆಯವರದೇ. ಮನೆಯಲ್ಲಿ ಅವರು ಮತ್ತು ಸರೋಜಾಳ ತಂಗಿ ಮಂಗಲಾ, ಇಬ್ಬರೇ. ನಾವು ಹೋದ ದಿನ ಪಡಸಾಲೆಗೆ ಕಾಲಿಟ್ಟರೆ ಅದು ಹಡಗಿನ ಬಂದರಿನಂತೆ ಕಂಡಿತು. ಬಾಜು ಮನೆಯ ಇನಾಸ್ ಬಾಬ್ ಗೋವಾ ಕಡೆಯವರು, ಹಡಗಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದರು. ರಜೆಯ ಮೇಲೆ ಊರಿಗೆ ಬಂದವರು ಮಳೆ ಹಿಡಿಯುವ ಮೊದಲು ತಮ್ಮ ಮನೆಯ ಹಂಚು ಇಳಿಸಿ ಹೊಸದು ಹೊದಿಸಲು ಆಳು ಹಚ್ಚಿ, ಸಾಮಾನೆಲ್ಲ ನಮ್ಮ ಅತ್ತೆಯವರ ಪಡಸಾಲೆಯಲ್ಲಿಟ್ಟು ತಂಗಿಯ ಮನೆಗೆಂದು ಮಡಗಾವಿಗೆ ಹೋಗಿಬಿಟ್ಟಿದ್ದರು. ಆ ಸಾಮಾನಿನಲ್ಲಿ ಒಂದು ಬಣ್ಣದ ಟಿ.ವಿ., ಒಂದು ವಿಡಿಯೊ ಪ್ಲೇಯರು, ಎಂಟು ಕ್ಯಾಸೆಟ್ಟುಗಳ ಒಂದು ಡಬ್ಬ. “ನೋಡ್ಕೊಂಡ ಇರ್ರಿ, ಬ್ಯಾಸರಾಗೂದಿಲ್ಲ” ಎಂದು ಧಾರಾಳವಾಗಿ ಹೇಳಿಯೂ ಹೋಗಿದ್ದರು.

ಎಂಟೂ ಕ್ಯಾಸೆಟ್ಟು ಒಂದೇ ಧಾರಾವಾಹಿ. ಮಾತೂ ಚೀನೀ, ಕೆಳಗೆ ಮೂಡುವ ಅಕ್ಷರಗಳೂ ಚೀನೀ. ಮಧ್ಯಾಹ್ನ ಊಟವಾದ ಮೇಲೆ ಮಂಗಲಾ ಮೊದಲನೆಯದನ್ನು ಹಚ್ಚಿದಳು. ಮೋಡದ ನಡುವೆ ಒಂದು ಬೆಟ್ಟ, ಅದರ ಮೇಲೊಂದು ಗುಡಿ. ಬಿಳಿ ಗಡ್ಡದ ಮುದುಕನೊಬ್ಬ ಕೈಬೀಸಿದ ಕೂಡಲೇ ಉದ್ದ ತೋಳಿನ ಬಿಳಿ ಉಡುಪಿನ ಹುಡುಗಿಯೊಬ್ಬಳು ಮಾಳಿಗೆಯಿಂದ ಮಾಳಿಗೆಗೆ ಹಾರಿದಳು. ಹಾರುವಾಗ ಸೊಂಟದ ಹತ್ತಿರ ತಂತಿ ಮಿನುಗಿದ್ದು ನನಗೆ ಕಂಡಿತು. ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದ ಅತ್ತೆಯವರಿಗೆ ಕಾಣಲಿಲ್ಲ. ಅವರು ಕೈಯಲ್ಲಿದ್ದುದನ್ನು ಬಿಟ್ಟು, “ಯವ್ವಾ! ಹಾರಿದ್ಳಲ್ಲಾ!” ಎಂದು ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, “ಅಳಿಯಂದಿರ, ಏನಂತಾಳ್ರಿ ಆಕಿ? ನಿಮಗ ಐದಾರು ಭಾಷಾ ಬರ್ತಾವಲ್ಲ” ಎಂದರು.

ಸರೋಜಾ ನನ್ನನ್ನು ನೋಡಿದಳು. ಬೇಡ ಎನ್ನುವ ನೋಟ ಅದು. ಆದರೆ ನಾಲಿಗೆ ಆಗಲೇ ಹೊರಟಿತ್ತು. “ಅಪ್ಪಾರ, ನಾ ಕೆಳಗ ಹೋಗಿ ಬರ್ತೀನಿ ಅಂತಾಳ್ರಿ” ಎಂದೆ. ಅಲ್ಲಿಗೆ ಗಡ್ಡದ ಮುದುಕ ತಂದೆಯಾದ. ಹತ್ತು ನಿಮಿಷದಲ್ಲಿ ಉಗುರು ಉದ್ದ ಬಿಟ್ಟ ಹಸಿರು ಸೀರೆಯಂಥ ಉಡುಪಿನ ಹೆಂಗಸು ಬಂದಳು, ಆಕೆಯನ್ನು ತಾಯಿ ಮಾಡಿದೆ. ದೊಡ್ಡ ಟೊಪ್ಪಿಗೆ ಹಾಕಿಕೊಂಡ ಚೆಲುವನೊಬ್ಬ ಕುದುರೆಯೇರಿ ಬಂದು ಹುಡುಗಿಯ ಕೈಹಿಡಿದು ಏನೋ ಹೇಳಿದ. ಕೈಹಿಡಿದನಲ್ಲ, ವರನೇ ಇರಬೇಕೆಂದು ತೀರ್ಮಾನಿಸಿ, ತಾಯಿ ಇವನ ಜೊತೆ ಮಗಳ ಮದುವೆ ಗೊತ್ತು ಮಾಡಿದ್ದಾಳೆ, ಮಗಳು ಒಲ್ಲೆ ಎನ್ನುತ್ತಾಳೆ ಎಂದು ವಿವರಿಸಿದೆ. “ಚಲೋ ಮಾಡಿದ್ಳು ತಾಯಿ!” ಎಂದರು ಅತ್ತೆ. “ಹಿಂಗ ಗುಡ್ಡದ ಮ್ಯಾಲ ಹಾರ್ಕೋತ ಎಷ್ಟ ದಿನ ಇರ್ತಾಳ? ಹುಡುಗ ಕುದರಿ ಇದ್ದಂವ, ಮುಖಾನೂ ಲಕ್ಷಣ ಐತಿ.” ಮಂಗಲಾ ಎದ್ದು ಒಳಗೆ ಹೋದಳು. ಆಕೆಗೆ ಧಾರಾವಾಹಿ ಬೇಸರವಾಯಿತೆಂದುಕೊಂಡೆ. ನನ್ನ ಕಣ್ಣು ಅಷ್ಟು ಸೂಕ್ಷ್ಮ.

ಮರುದಿನ ಮುಂಜಾನೆ ಬಾವಿಯ ಹತ್ತಿರ ಹಲ್ಲುಜ್ಜುತ್ತಿದ್ದಾಗ ಮಂಗಲಾ ಕೊಡ ಹಿಡಿದು ಬಂದಳು. “ಮಾಮಾರ, ಏನ್ ಹಚ್ಚೀರಿ ಇದು? ನನ್ನ ಕುತ್ತಿಗಿಗೆ ತರಾಕತ್ತೀರಲ್ಲ” ಎಂದಳು. ಅಕ್ಕನ ಗಂಡನೊಡನೆ ಆ ಹುಡುಗಿ ದನಿ ಏರಿಸಿದ್ದು ಅದೇ ಮೊದಲು. ಆಗ ಗೊತ್ತಾಯಿತು, ಬೀಡಿ ಎಂಬ ಊರಿನಿಂದ ಆಕೆಗೆ ಒಂದು ಸಂಬಂಧ ಬಂದಿತ್ತು. ಹುಡುಗನಿಗೆ ಕುದುರೆ ಇರಲಿಲ್ಲ, ಟ್ರ್ಯಾಕ್ಟರ್ ಇತ್ತು. ಆ ವಾರದ ಕೊನೆಗೆ ನೋಡಲು ಬರುವವರಿದ್ದರು. ಮಂಗಲಾ ಪಿ.ಯು.ಸಿ. ಪಾಸಾಗಿ ಬೆಳಗಾವಿಯಲ್ಲಿ ಶಿಕ್ಷಕಿಯರ ಟ್ರೇನಿಂಗಿಗೆ ಅರ್ಜಿ ಹಾಕಬೇಕೆಂದಿದ್ದಳು. ಅವ್ವನ ಎದುರು ಬಾಯಿ ಬಿಡಲು ಧೈರ್ಯ ಸಾಲದೆ ಒಂದು ತಿಂಗಳಿಂದ ಒಳಗೇ ಕುದಿಯುತ್ತಿದ್ದಳು. “ನೀವರೆ ಒಂದ ಮಾತು ಹೇಳ್ರಿ ಅವ್ವಗ” ಎಂದು ಕಣ್ಣಲ್ಲಿ ನೀರು ತಂದಳು. ಹೇಳುತ್ತೇನೆ ಎಂದೆ. ಆದರೆ ಗಂಗವ್ವನವರ ಎದುರು ನಿಂತು ನೇರವಾಗಿ ಹೇಳುವ ಗಂಡಸು ಆ ಓಣಿಯಲ್ಲೇ ಇರಲಿಲ್ಲ, ಅಳಿಯನಂತೂ ಮೊದಲೇ ಅಲ್ಲ. ನನಗೆ ಸುಲಭದ ದಾರಿಯೊಂದು ಹೊಳೆಯಿತು. ಮಂಗಲಾಳ ಮಾತನ್ನು ಚೀನಾದವರ ಬಾಯಿಂದ ಹೇಳಿಸಬೇಕು.

ಅಂದಿನಿಂದ ಟೊಪ್ಪಿಗೆಯವನ ದಿನಮಾನ ಕೆಟ್ಟವು. ಕಷ್ಟವೆಂದರೆ ಅವನು ನಿಜಕ್ಕೂ ಬಹಳ ಒಳ್ಳೆಯವನಿದ್ದ. ಮೂರನೆಯ ಕ್ಯಾಸೆಟ್ಟಿನಲ್ಲಿ ಕೆಂಪು ಹುಬ್ಬಿನ ರಾಕ್ಷಸ ಹುಡುಗಿಯನ್ನು ಬೆಂಕಿಯ ಗುಂಡಿಗೆ ಕೆಡವಿದಾಗ ಪ್ರಾಣದ ಹಂಗು ತೊರೆದು ಎತ್ತಿ ತಂದವನು ಅವನೇ. “ಆ ಗುಂಡಿ ತೋಡಿಸಿದಂವ ಇಂವನರಿ, ಒಳಗಿಂದೊಳಗ” ಎಂದೆ. ನಾಲ್ಕನೆಯದರಲ್ಲಿ ಹಸಿದ ಮುದುಕಿಗೆ ತನ್ನ ಊಟ ಕೊಟ್ಟ. “ಅದರಾಗ ವಿಷ ಹಾಕ್ಯಾನ” ಎಂದೆ. ಅತ್ತೆ ಕಣ್ಣು ಕಿರಿದು ಮಾಡಿ, “ಮುದುಕಿ ಉಂಡು ನಗಾಕತ್ತಾಳಲ್ರಿ?” ಎಂದರು. “ಸಾವಕಾಶ ಏರೂ ವಿಷರಿ ಅದು” ಎಂದು ಹಣೆ ಒರೆಸಿಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಹೋದದ್ದಕ್ಕೆ ಸಂತೋಷಪಟ್ಟ ಮನುಷ್ಯ ಆ ತಾಲೂಕಿನಲ್ಲಿ ಅಂದು ನಾನೊಬ್ಬನೇ ಇರಬೇಕು.

ಆರನೆಯ ಕ್ಯಾಸೆಟ್ಟಿನಲ್ಲಿ ದೈವ ಒಲಿಯಿತು. ಹುಡುಗಿ ಮುದುಕನ ಎದುರು ಮಣೆಯ ಮೇಲೆ ಕೂತು ಉದ್ದನೆಯ ಸುರುಳಿ ಬಿಚ್ಚಿ ಓದತೊಡಗಿದಳು. ಬಿಡುವುದುಂಟೇ? “ಈಗ ಆಕಿ ಟ್ರೇನಿಂಗ್ ಮಾಡಾಕತ್ತಾಳ್ರಿ” ಎಂದೆ. ಆ ಹೊತ್ತಿಗೆ ಪಡಸಾಲೆಯಲ್ಲಿ ಓಣಿಯ ಏಳೆಂಟು ಹೆಂಗಸರು ನೆರೆದಿದ್ದರು. “ಚೀನಾದಾಗೂ ಟ್ರೇನಿಂಗ್ ಐತೇನ್ರಿ?” ಎಂದು ಅತ್ತೆ ಕೇಳಿದರು. “ಎರಡು ವರ್ಷದ್ದು. ಮುಗದ ಮ್ಯಾಲ ನೌಕರಿ. ಆಮ್ಯಾಲ ಲಗ್ನ” ಎಂದೆ. ಒಬ್ಬ ಹೆಂಗಸು, “ಬೇಷ್ ಪದ್ಧತಿ” ಎಂದಳು. ಅತ್ತೆ ಹುಣಸೆಬೀಜಗಳನ್ನು ಒಂದು ಕಡೆ ಸರಿಸುತ್ತ ಕೂತರು. ಮಂಗಲಾಳ ಮುಖ ಅರಳಿತು. ನಾನು ಗೋಡೆಗೆ ಒರಗಿ, ರಾಜ್ಯವೊಂದನ್ನು ಗೆದ್ದವನಂತೆ ಕಾಲು ಚಾಚಿದೆ.

ಕೊನೆಯ ಕ್ಯಾಸೆಟ್ಟು ಹಚ್ಚುವ ದಿನ, ಬೀಡಿಯವರು ಬರಲು ಇನ್ನೊಂದೇ ದಿನ ಉಳಿದಿರುವಾಗ, ಇನಾಸ್ ಬಾಬ್ ಮಡಗಾವಿಯಿಂದ ಬಂದಿಳಿದರು. ಅತ್ತೆಯವರು ಚಹಾ ಕೊಟ್ಟು, “ಕುಂದರ್ರಿ, ಕಡೀದ ಐತಿ, ನೋಡಿ ಹೋಗ್ರಿ. ನಮ್ಮ ಅಳಿಯಂದಿರು ಎಲ್ಲಾ ಅರ್ಥ ಹೇಳ್ತಾರ” ಎಂದರು. ಪರದೆಯ ಮೇಲೆ ಟೊಪ್ಪಿಗೆಯವನು ಎದೆಗೆ ಬಾಣ ನೆಟ್ಟು ಬಿದ್ದಿದ್ದ, ಹುಡುಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. “ಲಗ್ನ ತಪ್ಪಿತಂತ ಸಂತೋಷಕ್ಕ ಅಳಾಕತ್ತಾಳ್ರಿ” ಎಂದೆ.

ಇನಾಸ್ ಬಾಬ್ ಚಹಾದ ಬಸಿಯನ್ನು ಕೆಳಗಿಟ್ಟರು. “ಯಾರ ಲಗ್ನ ಮಾಸ್ತರ?”

“ಆಕಿದು... ಆ ಟೊಪಿಗಿಯವನ ಜೋಡಿ.”

“ಅರೆ! ತೋ ತಿಚಾ ಭಾಊ!” ಎಂದು ಗಾಬರಿಯಲ್ಲಿ ಮರಾಠಿಗೆ ಹಾರಿದ ಅವರು ಮತ್ತೆ ಕನ್ನಡಕ್ಕೆ ಇಳಿದು, “ಅಂವ ಆಕಿ ಅಣ್ಣ! ಖರೇ ಅಣ್ಣ, ಬೆನ್ನಿಗಿ ಬಿದ್ದಾಕಿ ಆಕಿ! ನಮ್ಮ ಹಡಗಿನ್ಯಾಗ ಚೀನಾದ ಕುಕ್ ಒಬ್ಬ ಇದ್ದ, ಬಾಜು ಕುಂತು ನನಗ ಪೂರಾ ಕಥಿ ಹೇಳ್ಯಾನ” ಎಂದರು. ಪಡಸಾಲೆಯಲ್ಲಿ “ಶಿವ ಶಿವಾ” ಎಂಬ ಉದ್ಗಾರ ಒಟ್ಟಿಗೆ ಎದ್ದಿತು. ಬೆಟ್ಟದ ಮುದುಕ ಆಕೆಯ ಗುರು, ಹಸಿರು ಉಡುಪಿನವಳು ಹೆಂಗಸೇ ಅಲ್ಲ, ಸಾವಿರ ವರ್ಷದ ಹಾವು ಎಂದು ಅವರು ಒಂದೊಂದನ್ನೇ ಬಿಡಿಸುತ್ತ ಹೋದರು. ಎಂಟು ಕ್ಯಾಸೆಟ್ಟಿನುದ್ದಕ್ಕೂ ನಾನು ಅಣ್ಣ-ತಂಗಿಯ ಮದುವೆಯನ್ನು ಒಂದು ಹಾವಿನ ಕೈಯಿಂದ ಗೊತ್ತು ಮಾಡಿಸಿ, ಆಮೇಲೆ ಅದನ್ನು ಮುರಿಯಲು ಓಡಾಡಿದ್ದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಒಬ್ಬೊಬ್ಬರಾಗಿ ಎದ್ದರು. ಸರೋಜಾ ಗೋಡೆ ನೋಡುತ್ತಿದ್ದಳು. ಆಕೆಯ ಭುಜ ಮಾತ್ರ ಕುಲುಕುತ್ತಿತ್ತು.

ಎಲ್ಲರೂ ಹೋದ ಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಮಣೆ ಕೊಟ್ಟರು. ಮಂಗಲಾ ಬಾಗಿಲಿಗೆ ಒರಗಿ ನಿಂತಿದ್ದಳು. “ಎರಡನೇ ದಿವಸನ ನನಗ ತಿಳದಿತ್ರಿ” ಎಂದರು. “ಆಕಿ ‘ಹಾ’ ಅಂದ್ರ ನೀವು ಹತ್ತು ಮಾತು ಹೇಳ್ತಿದ್ರಿ. ಆಕಿ ಹತ್ತು ಮಾತಾಡಿದ್ರ ನೀವು ಕೆಮ್ಮತಿದ್ರಿ. ಮಂಗಲಾ ಕಲೀಬೇಕಂತಾಳ ಅಂತ ಚೀನಾದಾಕಿ ಕಡೆ ಹೇಳಿಸಿದ್ರಿ. ನಿಮ್ಮ ಬಾಯಿಲೆ ಯಾಕ ಹೇಳಲಿಲ್ಲ? ನಾ ಏನ್ ಅಂಥಾ ಹುಲಿ ಏನ್ರಿ?”

ಹುಲಿ ಅಲ್ಲ ಎಂದು ಹೇಳಲೂ ಹೆದರಿಕೆಯಾಯಿತು. ಮಾತಾಡಿದ್ದು ಮಂಗಲಾ. “ಅವ್ವಾ, ಅಪ್ಪ ಹೋದ ಮ್ಯಾಲ ಪಾರಿಶ್ವಾಡದ ಹೊಲದ ಕಾಗದ ಬಂದಾಗ ನೀ ಹೆಬ್ಬಟ್ಟು ಒತ್ತೂ ಮುಂದ ಅದರಾಗ ಏನ್ ಬರದೈತಿ ಅಂತ ನಾಕ್ ಮನಿಗೆ ತಿರಗಿದಿ. ಸಂಜೀಕ ಬಂದು, ಓದಾಕ ಬರದ ಹಿಂಗ ಬಾಳೇ ಮಾಡಬಾರದು ಅಂದಿದ್ದಿ. ನಾ ಅದನ್ನ ಮರತಿಲ್ಲ” ಎಂದಳು. ಅತ್ತೆ ಮುಖ ತಿರುಗಿಸಿ ಒಲೆಯಲ್ಲಿ ಇಲ್ಲದ ಬೆಂಕಿಯನ್ನು ಊದಿದರು. ಆಮೇಲೆ ಅವರು ಹೇಳಿದ್ದು ಇಷ್ಟೇ: “ಬೀಡಿಯವರಿಗೆ ಸದ್ಯಕ ಬ್ಯಾಡ ಅಂತ ಹೇಳಿ ಕಳಸ್ತೀನಿ. ಆದ್ರ ಹಾಸ್ಟೆಲ್ ಬ್ಯಾಡ. ಅಳಿಯಂದಿರ ಮನ್ಯಾಗ ಇರಲಿ.” ನಮ್ಮದು ಎರಡೇ ಕೋಣೆಯ ಬಾಡಿಗೆ ಮನೆ. ಆದರೆ ಅಂದು ತಕರಾರು ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಸರೋಜಾ ಕಿಟಕಿಯ ಹೊರಗೆ ನೋಡುತ್ತ, “ನಾನೂ ಪಿ.ಯು.ಸಿ. ಪಾಸ್ ಆಗಿದ್ದೆರಿ” ಎಂದಳು. ಗೊತ್ತು ಎಂದೆ. “ನನ್ನ ಲಗ್ನದ ವ್ಯಾಳ್ಯಾದಾಗ ಯಾರೂ ನಮ್ಮವ್ವಗ ಚೀನಾದ ಕ್ಯಾಸೆಟ್ಟು ತೋರಸ್ಲಿಲ್ಲ” ಎಂದಳು. ಜಗಳವಾಡುವ ದನಿಯಾಗಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಆಕೆ ನಗುತ್ತಲೇ ಹೇಳಿದ್ದಳು, ಅದು ಹೆಚ್ಚು ನಾಟಿತು. ಆ ಮಾತಿನ ಪೂರಾ ಅರ್ಥ ತಿಳಿಯಲು ಯಾವ ಭಾಷೆಯೂ ಬೇಕಿರಲಿಲ್ಲ. ಮರುವಾರ ಅರ್ಜಿ ತರಲು ಹೋದವನು ಒಂದರ ಬದಲು ಎರಡು ತಂದೆ. ಎರಡನೆಯದನ್ನು ಸರೋಜಾಳ ಎದುರಿಗೆ ಇಡಲು ಮಾತ್ರ ನನಗೆ ಇನ್ನೂ ಹತ್ತು ದಿನ ಬೇಕಾಯಿತು.

ಅಕ್ಕ-ತಂಗಿ ಇಬ್ಬರಿಗೂ ಸೀಟು ಸಿಕ್ಕಿತು. ಅವರು ಕಲಿತ ಆ ಎರಡು ವರ್ಷ ನಾನು ಸಾರು ಮಾಡುವುದು ಕಲಿತೆ, ರೊಟ್ಟಿ ಕೊನೆಗೂ ಒಲಿಯಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡಿ ತೋರಿಸುವ ಪರೀಕ್ಷೆಗಳಿರುತ್ತಿದ್ದವು. ಮನೆಯಲ್ಲಿ ಅಭ್ಯಾಸಕ್ಕೆ ಅವರಿಗೊಬ್ಬ ವಿದ್ಯಾರ್ಥಿ ಬೇಕಿತ್ತು, ಸ್ವಲ್ಪ ದಡ್ಡನಾಗಿದ್ದರೆ ಇನ್ನೂ ಒಳ್ಳೆಯದು ಎಂದು ಅವರ ಮೇಡಮ್ಮು ಹೇಳಿದ್ದರಂತೆ. ಹಗಲೆಲ್ಲ ಹೈಸ್ಕೂಲಿನಲ್ಲಿ ಇತಿಹಾಸ ಬೋಧಿಸಿ ಬಂದ ನಾನು ಸಂಜೆ ಚಾಪೆಯ ಮೇಲೆ ಕೂತು ಎರಡರ ಮಗ್ಗಿ ಒಪ್ಪಿಸುತ್ತಿದ್ದೆ. ಒಂದು ಸಂಜೆ ಎರಡೊಂಬತ್ತಲೆ ಎಷ್ಟು ಎಂದಾಗ ಸಾರು ಉಕ್ಕುವ ಸಪ್ಪಳ ಕೇಳಿ ಗಮನ ಅತ್ತ ಹೋಯಿತು, ಹದಿನಾರು ಎಂದೆ. ಮಂಗಲಾ ಗಂಭೀರವಾಗಿ, “ಕೈ ಮುಂದ ಮಾಡ್ರಿ ಮಾಮಾರ” ಎಂದಳು. ಹೆಂಡತಿಯಾದರೂ ನನ್ನ ಪರ ಮಾತಾಡಿಯಾಳೆಂದು ಅತ್ತ ನೋಡಿದೆ. ಸರೋಜಾ ಮರದ ಫೂಟುಪಟ್ಟಿ ಹುಡುಕುತ್ತಿದ್ದಳು.